ಎಲ್ಲದಕ್ಕೂ ‘ಡಾರ್ಕ್’ ಸಾಕಾ? ಕಡುಬಣ್ಣಗಳನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಹೇಳುವ ಬಗೆ

ಪ್ರಶ್ನೆ: ನಾನು ಕನ್ನಡದಲ್ಲಿ ಬರೆದ ಸಣ್ಣ ಕತೆಗಳನ್ನು ನಾನೇ ಇಂಗ್ಲಿಷಿಗೆ ತರುತ್ತಿದ್ದೇನೆ. ಉಳಿದದ್ದು ಹೇಗೋ ಆಗುತ್ತದೆ, ಬಣ್ಣ ಬಂದ ಕಡೆ ಪೆನ್ನು ನಿಂತುಬಿಡುತ್ತದೆ. ಕಡುನೀಲಿ, ಕಡುಗೆಂಪು, ಕಡುಹಸಿರು ಎಲ್ಲದಕ್ಕೂ ‘ಡಾರ್ಕ್’ ಒಂದೇ ಹೊಳೆಯುತ್ತದೆ. ಒಂದು ಕಡೆ ‘ಡಾರ್ಕ್ ಬ್ಲ್ಯಾಕ್ ಹೇರ್’ ಅಂತ ಬರೆದಿದ್ದೆ. ಓದಿದ ಗೆಳತಿ ‘ಹಾಗೆ ಹೇಳುವುದಿಲ್ಲ’ ಅಂದಳು. ‘ಬ್ಲೂ-ಬ್ಲ್ಯಾಕ್’, ‘ಬ್ಲೂಯಿಶ್ ಬ್ಲ್ಯಾಕ್’, ‘ಬ್ಲ್ಯಾಕಿಶ್ ಬ್ಲೂ’ ಮೂರೂ ಒಂದೇನಾ? ನಡುವೆ ಹೈಫನ್ ಯಾವಾಗ ಬೇಕು, ಯಾವಾಗ ಬೇಡ?

ಉತ್ತರ: ಮೂರೂ ಒಂದೇ ಅಲ್ಲ. ಇಂಗ್ಲಿಷಿನ ಜೋಡಿ ಬಣ್ಣಪದಗಳಲ್ಲಿ ಕೊನೆಯ ಪದವೇ ಯಜಮಾನ. ವಸ್ತುವಿನ ನಿಜವಾದ ಬಣ್ಣ ಅದು. ಅದಕ್ಕೆ ಮೊದಲು ಬರುವ ಪದ, ಆ ಬಣ್ಣ ಯಾವ ಕಡೆಗೆ ವಾಲಿದೆ ಅಂತ ಹೇಳುತ್ತದೆ. ‘ಬ್ಲೂಯಿಶ್ ಬ್ಲ್ಯಾಕ್’ ಅಂದರೆ ಅದು ಕಪ್ಪೇ. ಬೆಳಕು ಬಿದ್ದಾಗ ಸ್ವಲ್ಪ ನೀಲಿ ಹೊಳೆಯುತ್ತದೆ, ಅಷ್ಟೇ. ‘ಬ್ಲ್ಯಾಕಿಶ್ ಬ್ಲೂ’ ಅಂದರೆ ಅದು ನೀಲಿ. ಕಪ್ಪಿನ ಅಂಚಿಗೆ ಬಂದು ನಿಂತ ನೀಲಿ. ನಮ್ಮಲ್ಲೂ ‘ಕೆಂಪು ಮಿಶ್ರಿತ ಕಂದು’ ಅಂದರೆ ಕಂದೇ ತಾನೆ? ಹಾಗಾಗಿ ಈ ನಿಯಮ ಕನ್ನಡಿಗರಿಗೆ ಹೊಸದಲ್ಲ. ಇಂಗ್ಲಿಷ್ ಬರೆಯುವಾಗ ಸುಮ್ನೆ ಮರೆತುಹೋಗುತ್ತದೆ.

ಇನ್ನು ‘ಬ್ಲೂ-ಬ್ಲ್ಯಾಕ್’. ‘-ಇಶ್’ ಇಲ್ಲದೆ ಎರಡು ಬಣ್ಣದ ಹೆಸರು ಪಕ್ಕಪಕ್ಕ ಕೂತಾಗ ಎರಡರ ತೂಕವೂ ಹತ್ತಿರ ಹತ್ತಿರ ಬರುತ್ತದೆ. ‘ಬ್ಲೂಯಿಶ್ ಬ್ಲ್ಯಾಕ್’ನಲ್ಲಿ ನೀಲಿಯನ್ನು ಹುಡುಕಬೇಕು. ‘ಬ್ಲೂ-ಬ್ಲ್ಯಾಕ್’ನಲ್ಲಿ ಹುಡುಕಬೇಕಾಗಿಲ್ಲ, ಅದು ಕಪ್ಪಿನ ಜೊತೆಗೇ ಕಾಣುತ್ತದೆ. ಕೂದಲಿಗೆ, ಹಕ್ಕಿಯ ರೆಕ್ಕೆಗೆ, ಶಾಯಿಗೆ ಈ ಪದ ಚೆನ್ನಾಗಿ ಒಗ್ಗಿದೆ.

ಶಾಯಿಯ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಿಬಿಡುತ್ತೇನೆ. ಹಳೆಯ ಬಗೆಯ ಬ್ಲೂ-ಬ್ಲ್ಯಾಕ್ ಶಾಯಿಯಲ್ಲಿ ಓಕ್ ಮರದ ಗಂಟುಗಳಿಂದ ಬಂದ ಟ್ಯಾನಿನ್ ಅನ್ನುವ ಒಗರು ಅಂಶ ಮತ್ತು ಕಬ್ಬಿಣದ ಲವಣ ಇರುತ್ತವೆ. ಬರೆದ ಕ್ಷಣದಲ್ಲಿ ಇವೆರಡು ಸೇರಿ ಅಷ್ಟೇನೂ ಬಣ್ಣ ಕೊಡುವುದಿಲ್ಲ. ಅದಕ್ಕೇ ಬರೆದದ್ದು ಕಾಣಲಿ ಅಂತ ಒಂದು ನೀಲಿ ಬಣ್ಣ ಬೆರೆಸುತ್ತಿದ್ದರು. ಆಮೇಲೆ ಗಾಳಿ ತಾಗಿ ಕಬ್ಬಿಣದ ಅಂಶ ಕಪ್ಪಾಗುತ್ತಾ ಹೋಗುತ್ತದೆ. ಅಂದರೆ ಆ ಅಕ್ಷರ ನೀಲಿಯಾಗಿ ಹುಟ್ಟಿ ಕಪ್ಪಾಗಿ ನಿಲ್ಲುತ್ತದೆ. ‘ಬ್ಲೂ-ಬ್ಲ್ಯಾಕ್’ ಅನ್ನುವ ಹೆಸರಿನಲ್ಲಿ ಎರಡೂ ಪದಕ್ಕೆ ಸರಿಯಾದ ಕೆಲಸವಿದೆ. ಬಣ್ಣಕ್ಕೆ ಹೆಸರಿಡುವಾಗ ನಾನು ನೋಡುವುದೂ ಇದನ್ನೇ. ಪ್ರತಿ ಪದಕ್ಕೂ ಒಂದು ಕೆಲಸ ಇರಬೇಕು. ಇಲ್ಲದಿದ್ದರೆ ಅದನ್ನು ತೆಗೆದುಹಾಕುವುದೇ ಒಳ್ಳೆಯದು.

ಹಾಗಾದರೆ ಯಾವ ಯಾವ ಕೆಲಸ? ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಮೂಲ ಬಣ್ಣ ಯಾವುದು? ಯಾವ ಕಡೆ ವಾಲಿದೆ? ಎಷ್ಟು ಕಡು? ಬರೆಯುವಾಗ ಇದೇ ಕ್ರಮ ತಿರುಗಾಮುರುಗಾ ಆಗುತ್ತದೆ. ಮೊದಲು ಎಷ್ಟು ಕಡು ಅನ್ನುವುದು, ನಡುವೆ ವಾಲು, ಕೊನೆಗೆ ಮೂಲ ಬಣ್ಣ. ‘ಡಾರ್ಕ್ ರೆಡ್ಡಿಶ್ ಬ್ರೌನ್’ ನೋಡಿ. ಬ್ರೌನ್ ಮೂಲ, ಕೆಂಪಿನ ಕಡೆ ವಾಲಿದೆ, ಕಡುವಾಗಿದೆ.

ಇದನ್ನು ದಿನಾ ಕಟ್ಟುನಿಟ್ಟಾಗಿ ಬಳಸುವವರು ಕವಿಗಳಲ್ಲ, ಮಣ್ಣಿನ ವಿಜ್ಞಾನಿಗಳು. ಅಮೆರಿಕದ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಬಣ್ಣಗಳನ್ನು ಅಳೆದು ಹೇಳುವ ಒಂದು ಪದ್ಧತಿಯನ್ನು ಮುಂದಿಟ್ಟರು. ಅದರಲ್ಲಿ ಒಂದು ಬಣ್ಣಕ್ಕೆ ಮೂರು ಅಳತೆ. ಹ್ಯೂ ಅಂದರೆ ಯಾವ ಬಣ್ಣ ಅನ್ನುವುದು. ವ್ಯಾಲ್ಯೂ ಅಂದರೆ ಎಷ್ಟು ತಿಳಿ, ಎಷ್ಟು ಕಡು ಅನ್ನುವುದು. ಅಲ್ಲಿ 0 ಅಂದರೆ ಕಪ್ಪು, 10 ಅಂದರೆ ಬಿಳಿ. ಕ್ರೋಮಾ ಅಂದರೆ ಬಣ್ಣ ಎಷ್ಟು ಚೊಕ್ಕ, ಎಷ್ಟು ಬೂದು ಬೆರೆತದ್ದು ಅನ್ನುವುದು. ಇದೇ ಪದ್ಧತಿಯ ಮೇಲೆ ಮಣ್ಣಿನ ಬಣ್ಣದ ಚಾರ್ಟು ಬಂತು. ಒಂದು ಹಿಡಿ ಮಣ್ಣನ್ನು ಚಾರ್ಟಿನ ಬಣ್ಣದ ಚೌಕಗಳ ಪಕ್ಕ ಹಿಡಿದು ಹೋಲಿಸಿ ಹೆಸರು ಬರೆಯುತ್ತಾರೆ.

ಆ ಚಾರ್ಟಿನ 10 ವೈಆರ್ ಅನ್ನುವ ಪುಟ ನೋಡಿ. ಹಳದಿ ಮತ್ತು ಕೆಂಪಿನ ನಡುವಿನ ಬಣ್ಣಗಳಲ್ಲಿ ಹಳದಿಯ ಕಡೆ ಇರುವ ಪುಟ ಅದು. ವ್ಯಾಲ್ಯೂ 3ರ ಸಾಲಿನಲ್ಲಿ ಮೊದಲ ಚೌಕದ ಕ್ರೋಮಾ 1, ಹೆಸರು ‘ವೆರಿ ಡಾರ್ಕ್ ಗ್ರೇ’. ಪಕ್ಕದಲ್ಲಿ ಕ್ರೋಮಾ 2, ಹೆಸರು ‘ವೆರಿ ಡಾರ್ಕ್ ಗ್ರೇಯಿಶ್ ಬ್ರೌನ್’. ಅದರ ಪಕ್ಕ ಕ್ರೋಮಾ 3, ಹೆಸರು ಬರೀ ‘ಡಾರ್ಕ್ ಬ್ರೌನ್’. ಮುಂದೆ ಕ್ರೋಮಾ 4, ‘ಡಾರ್ಕ್ ಯೆಲ್ಲೋಯಿಶ್ ಬ್ರೌನ್’. ನಾಲ್ಕೂ ಚೌಕಗಳ ಕಡುತನ ಒಂದೇ. ಬೂದು ಕಡಿಮೆಯಾಗಿ ಬಣ್ಣ ಚೊಕ್ಕವಾಗುತ್ತಾ ಬಂದ ಹಾಗೆ ಹೆಸರು ಬದಲಾಗಿದೆ. ಮೊದಲು ಬ್ರೌನ್ ಅನ್ನುವ ಪದವೇ ಇರಲಿಲ್ಲ. ಆಮೇಲೆ ಬಂತು, ಬೂದನ್ನು ಜೊತೆಗಿಟ್ಟುಕೊಂಡು. ಆಮೇಲೆ ಬೂದೂ ಹೋಯಿತು, ಕೊನೆಗೆ ಹಳದಿ ತಲೆ ಎತ್ತಿತು. ಒಂದು ಸಾಲಿನ ನಾಲ್ಕು ಚೌಕ ನೋಡಿದರೆ ಜೋಡಿಪದದ ವ್ಯಾಕರಣವೆಲ್ಲ ಕಣ್ಣಿಗೆ ಬೀಳುತ್ತದೆ.

ಕತೆಯಲ್ಲಿ ‘ವೆರಿ ಡಾರ್ಕ್ ಗ್ರೇಯಿಶ್ ಬ್ರೌನ್’ ಅಂತ ಬರೆಯಿರಿ ಅಂತ ಹೇಳುತ್ತಿಲ್ಲ. ಅದು ವರದಿಯ ಭಾಷೆ. ಆದರೆ ನೋಡುವ ಕ್ರಮವನ್ನು ಅಲ್ಲಿಂದ ಕಲಿಯಬಹುದು. ನೀವು ‘ಡಾರ್ಕ್’ ಅನ್ನುವ ಮುಂಚೆ, ಆ ಬಣ್ಣದಲ್ಲಿ ಕಪ್ಪು ಜಾಸ್ತಿಯೋ, ಬೂದು ಜಾಸ್ತಿಯೋ, ಅಥವಾ ಬಣ್ಣವೇ ಜಾಸ್ತಿಯೋ ಅಂತ ನೋಡಿ.

ಇಲ್ಲೇ ‘ಡಾರ್ಕ್’ ಮತ್ತು ‘ಡೀಪ್’ ಬೇರೆಯಾಗುವುದು. ಕನ್ನಡದ ‘ಕಡು’ ಎರಡನ್ನೂ ಒಳಗೆ ಇಟ್ಟುಕೊಂಡಿದೆ. ಅದಕ್ಕೇ ನಿಮಗೆ ಒಂದೇ ಪದ ಹೊಳೆಯುತ್ತಿರುವುದು. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ 1955ರಲ್ಲಿ ಬಣ್ಣದ ಹೆಸರುಗಳ ಒಂದು ನಿಘಂಟು ತಂದಿತು. ಎಲ್ಲ ಬಣ್ಣಗಳನ್ನೂ 267 ಗುಂಪು ಮಾಡಿ, ಪ್ರತಿ ಗುಂಪಿಗೂ ಎಲ್ಲರಿಗೂ ಅರ್ಥವಾಗುವ ಹೆಸರು ಕೊಟ್ಟರು. ಅದರಲ್ಲಿ ‘ಡೀಪ್’ ಅಂದರೆ ಕಡುವಾಗಿದ್ದೂ ಬಣ್ಣ ತುಂಬಿಕೊಂಡಿರುವುದು. ‘ಡಾರ್ಕ್’ ಅಂದರೆ ಕಡುವಾಗಿದ್ದು, ಬಣ್ಣ ಅಷ್ಟು ತುಂಬಿಲ್ಲದ್ದು. ಇನ್ನೂ ಬೂದಾದರೆ ‘ಡಾರ್ಕ್ ಗ್ರೇಯಿಶ್’, ಇನ್ನೂ ಕಪ್ಪಾದರೆ ‘ಬ್ಲ್ಯಾಕಿಶ್’. ಸಾಮಾನ್ಯ ಬರಹದಲ್ಲಿ ಯಾರೂ ಇಷ್ಟು ಗೆರೆ ಎಳೆದು ಬಳಸುವುದಿಲ್ಲ, ನಿಜ. ಆದರೂ ಇಂಗ್ಲಿಷ್ ಓದುಗರ ಕಿವಿಯಲ್ಲಿ ಈ ವ್ಯತ್ಯಾಸ ಇದ್ದೇ ಇದೆ. ಬೆಳಕು ಹಾಯುವ ಕೆಂಪು ಗಾಜು ‘ಡೀಪ್ ರೆಡ್’. ಒಣಗಿದ ರಕ್ತದ ಕಲೆ ‘ಡಾರ್ಕ್ ರೆಡ್’, ಇನ್ನೂ ಹಳತಾದರೆ ‘ಡಾರ್ಕ್ ರೆಡ್ಡಿಶ್ ಬ್ರೌನ್’. ಆಳವಾದ ಕಡಲು ‘ಡೀಪ್ ಬ್ಲೂ’. ತೊಳೆದು ತೊಳೆದು ಮಾಸಿದ ನೀಲಿ ಕೋಟು ‘ಡಾರ್ಕ್ ಗ್ರೇಯಿಶ್ ಬ್ಲೂ’. ಇದೇ ಕಾರಣಕ್ಕೆ ‘ಡೀಪ್ ಗ್ರೇ’ ಅನ್ನುವುದು ಅಪರೂಪ. ಬೂದಿನಲ್ಲಿ ತುಂಬಿಕೊಳ್ಳಲು ಬಣ್ಣವೇ ಇಲ್ಲವಲ್ಲ. ಅಲ್ಲಿ ‘ಡಾರ್ಕ್ ಗ್ರೇ’ ಅಂದರೆ ಸರಿ.

‘ದಟ್ಟ’ ಅನ್ನುವುದನ್ನು ‘ಥಿಕ್’ ಮಾಡುವವರಿದ್ದಾರೆ. ‘ಥಿಕ್ ಬ್ಲೂ’ ಅಂದರೆ ಇಂಗ್ಲಿಷ್ ಓದುಗರಿಗೆ ಮಂದವಾಗಿ ಬಳಿದ ಪೇಂಟ್ ನೆನಪಾದೀತು. ಅದು ಬೇಡ.

ಎಲ್ಲ ಬಣ್ಣಕ್ಕೂ ‘ಡಾರ್ಕ್’ ಅಂಟುವುದೂ ಇಲ್ಲ. ನೀಲಿ, ಹಸಿರು, ಕೆಂಪು ಕಡುವಾದರೂ ತಮ್ಮ ಹೆಸರು ಉಳಿಸಿಕೊಳ್ಳುತ್ತವೆ. ಕಿತ್ತಳೆ ಮತ್ತು ಹಳದಿ ಹಾಗಲ್ಲ. ಕಿತ್ತಳೆ ಬಣ್ಣವನ್ನು ಕಡು ಮಾಡುತ್ತಾ ಹೋದರೆ ಅದು ಬ್ರೌನ್ ಆಗುತ್ತದೆ. ಬ್ರೌನ್ ಅಂದರೆ ಕಡು ಕಿತ್ತಳೆಯೇ. ಪರದೆಯ ಮೇಲೆ ಒಂದು ಬ್ರೌನ್ ಚೌಕವನ್ನು ಬಿಳಿ ಹಿನ್ನೆಲೆಯಲ್ಲಿ ನೋಡಿ, ಬ್ರೌನ್ ಕಾಣುತ್ತದೆ. ಸುತ್ತಲಿನ ಬಿಳಿಯನ್ನು ತೆಗೆದು, ಪೂರ್ತಿ ಕತ್ತಲಲ್ಲಿ ಅದೇ ಚೌಕವನ್ನು ಮಾತ್ರ ಬಿಡಿ. ಈಗ ಅದು ಮಂದವಾದ ಕಿತ್ತಳೆ. ಬ್ರೌನ್ ಕಾಣಬೇಕಾದರೆ ಅದಕ್ಕಿಂತ ಬೆಳಕಿನದ್ದೇನಾದರೂ ಪಕ್ಕದಲ್ಲಿರಬೇಕು. ಹಳದಿಯೂ ಹಾಗೇ. ಅದು ಕಡುವಾದರೆ ಆಲಿವ್ ಆಗುತ್ತದೆ, ಹಸಿರಿನ ಛಾಯೆ ಬರುತ್ತದೆ. ಆದ್ದರಿಂದ ‘ಡಾರ್ಕ್ ಯೆಲ್ಲೋ’ ಅಂತ ಬರೆದರೆ ಓದುಗರಿಗೆ ಯಾವುದೂ ಕಣ್ಣಿಗೆ ಕಟ್ಟುವುದಿಲ್ಲ. ಕಡುಹಳದಿ ಅಂದಾಗ ನಿಮ್ಮ ಮನಸ್ಸಿನಲ್ಲಿ ಇರುವುದು ತುಂಬಿದ ಹಳದಿಯಾದರೆ ‘ಡೀಪ್ ಯೆಲ್ಲೋ’ ಅಥವಾ ‘ಗೋಲ್ಡನ್-ಯೆಲ್ಲೋ’ ಅನ್ನಿ. ಸ್ವಲ್ಪ ಮಣ್ಣು ಬೆರೆತ ಹಾಗಿದ್ದರೆ ‘ಮಸ್ಟರ್ಡ್-ಯೆಲ್ಲೋ’. ಇನ್ನೂ ಮಣ್ಣಾದರೆ ‘ಓಕರ್’. ಗುಲಾಬಿಗೆ ‘ಡಾರ್ಕ್ ಪಿಂಕ್’ ನಡೆಯುತ್ತದೆ, ‘ಡೀಪ್ ಪಿಂಕ್’ ಇನ್ನೂ ಚೆಂದ. ‘ಡಸ್ಕಿ ಪಿಂಕ್’ ಅನ್ನುವುದನ್ನು ಕಡುಗುಲಾಬಿ ಅಂದುಕೊಳ್ಳಬೇಡಿ. ಅದು ಬೂದು ಬೆರೆತು ಮಂಕಾದ ಗುಲಾಬಿ, ಕಡುವೇ ಆಗಬೇಕೆಂದಿಲ್ಲ. ‘ಡಾರ್ಕ್ ವೈಟ್’ ಅಂತೂ ಇಲ್ಲವೇ ಇಲ್ಲ. ಬಿಳಿ ಮಾಸಿದ್ದರೆ ‘ಡರ್ಟಿ ವೈಟ್’, ಬೂದಾಗಿದ್ದರೆ ‘ಗ್ರೇಯಿಶ್ ವೈಟ್’.

ಈಗ ನಿಮ್ಮ ಗೆಳತಿಯ ಮಾತಿಗೆ ಬರೋಣ. ಅವರು ಹೇಳಿದ್ದು ಸರಿ. ಕಪ್ಪು ಅಂದರೇ ಕಡುತನದ ಕೊನೆ. ಅದಕ್ಕೆ ಮತ್ತೆ ‘ಡಾರ್ಕ್’ ಸೇರಿಸಿದರೆ ಓದುಗರಿಗೆ ಹೊಸದೇನೂ ಸಿಗುವುದಿಲ್ಲ. ನೀವು ಹೇಳಬೇಕು ಅಂದುಕೊಂಡದ್ದು ಎಷ್ಟು ಕಪ್ಪು ಅಂತಲ್ಲ, ಎಂಥ ಕಪ್ಪು ಅಂತ. ಅದಕ್ಕೆ ಇಂಗ್ಲಿಷಿನಲ್ಲಿ ದೊಡ್ಡ ಸಂಪತ್ತೇ ಇದೆ. ‘ಜೆಟ್-ಬ್ಲ್ಯಾಕ್’ನಲ್ಲಿರುವ ಜೆಟ್ ವಿಮಾನವಲ್ಲ. ಅದು ಕೋಟ್ಯಂತರ ವರ್ಷ ನೆಲದೊಳಗೆ ಹುದುಗಿ ಕಲ್ಲಿದ್ದಲಿನ ಥರ ಆದ ಮರ. ಉಜ್ಜಿದರೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಇಂಗ್ಲೆಂಡಿನ ವಿಟ್ಬಿ ಊರಿನ ಜೆಟ್‌ನಿಂದ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಶೋಕದ ಒಡವೆ ಮಾಡುತ್ತಿದ್ದರು. ಹಾಗಾಗಿ ‘ಜೆಟ್-ಬ್ಲ್ಯಾಕ್’ ಅಂದಾಗ ಹೊಳಪು ತಾನಾಗಿ ಬರುತ್ತದೆ. ಎಣ್ಣೆ ಹಚ್ಚಿ ಬಾಚಿದ ಕೂದಲಿಗೆ ಅದು ಹೇಳಿ ಮಾಡಿಸಿದ ಪದ. ‘ರೇವನ್-ಬ್ಲ್ಯಾಕ್’ ಕೂಡ ಹೊಳೆಯುವ ಕೂದಲಿಗೇ, ಆದರೆ ಕಾವ್ಯದ ವಾಸನೆ ಸ್ವಲ್ಪ ಜಾಸ್ತಿ. ಇವತ್ತಿನ ಕತೆಯಲ್ಲಿ ನಾನಾದರೆ ಬಳಸುವುದಿಲ್ಲ.

‘ಪಿಚ್-ಬ್ಲ್ಯಾಕ್’ನ ಪಿಚ್ ಅಂದರೆ ಟಾರನ್ನು ಕಾಯಿಸಿದಾಗ ಉಳಿಯುವ ಕಪ್ಪು ಅಂಟು. ಈ ಪದ ಹೆಚ್ಚಾಗಿ ಕತ್ತಲಿಗೆ ಹೋಗುತ್ತದೆ. ರಾತ್ರಿ, ಕೋಣೆ, ಸುರಂಗ, ಇಂಥವಕ್ಕೆ. ನಮ್ಮ ‘ಕಗ್ಗತ್ತಲು’ ಇದ್ದ ಕಡೆ ‘ಪಿಚ್-ಬ್ಲ್ಯಾಕ್’ ಅಥವಾ ‘ಪಿಚ್-ಡಾರ್ಕ್’ ಹಾಕಬಹುದು. ‘ಇಂಕಿ ಬ್ಲ್ಯಾಕ್’ ಅಂದರೆ ದ್ರವದ ಗುಣ ಇರುವ ಕಪ್ಪು. ಇರುಳಿನ ಕೆರೆ, ಆಳದ ಬಾವಿ. ‘ಸೂಟಿ ಬ್ಲ್ಯಾಕ್’ ಅಂದರೆ ಮಸಿಯ ಕಪ್ಪು, ಹೊಳಪೇ ಇಲ್ಲ, ಮುಟ್ಟಿದರೆ ಕೈಗೆ ಹತ್ತುತ್ತದೆ ಅನ್ನುವ ಭಾವ. ನನಗೆ ತುಂಬಾ ಇಷ್ಟವಾದದ್ದು ‘ರಸ್ಟಿ ಬ್ಲ್ಯಾಕ್’. ಹಳೇ ಕಪ್ಪು ಬಟ್ಟೆ ಬಿಸಿಲಿಗೆ, ಒಗೆತಕ್ಕೆ ಸಿಕ್ಕಿ ತುಕ್ಕಿನ ಕಡೆಗೆ ತಿರುಗುತ್ತದೆ ಅಲ್ವಾ, ಆ ಬಣ್ಣ. ಎರಡು ಪದದಲ್ಲಿ ಬಟ್ಟೆಯ ವಯಸ್ಸು, ತೊಟ್ಟವರ ಪರಿಸ್ಥಿತಿ ಎಲ್ಲ ಬಂದುಬಿಡುತ್ತದೆ.

ವಸ್ತುವಿನ ಹೆಸರು ಮುಂದಿಟ್ಟು ಮಾಡುವ ಈ ಬಗೆಯ ಜೋಡಿಪದ ಬೇರೆ ಬಣ್ಣಗಳಿಗೂ ಬೇಕಾದಷ್ಟಿವೆ. ‘ನೇವಿ ಬ್ಲೂ’, ‘ಮಿಡ್‌ನೈಟ್ ಬ್ಲೂ’, ‘ಬಾಟಲ್ ಗ್ರೀನ್’, ‘ಫಾರೆಸ್ಟ್ ಗ್ರೀನ್’, ‘ಚಾರ್ಕೋಲ್ ಗ್ರೇ’, ‘ಸ್ಲೇಟ್ ಗ್ರೇ’, ‘ವೈನ್ ರೆಡ್’. ಇವುಗಳಲ್ಲಿ ‘ಡಾರ್ಕ್’ ಅನ್ನುವ ಪದವೇ ಇಲ್ಲ. ಕಡುತನ ವಸ್ತುವಿನ ಒಳಗೇ ಇದೆ. ‘ಮರೂನ್’ ಕೂಡ ಹಾಗೆ. ಅದು ತಾನೇ ಕಂದು ಬೆರೆತ ಕಡುಗೆಂಪು, ಅದಕ್ಕೆ ಮೊದಲು ‘ಡಾರ್ಕ್’ ಬೇಕಿಲ್ಲ, ಕೊನೆಗೆ ‘ಕಲರ್’ ಕೂಡ ಬೇಕಿಲ್ಲ.

ಆದರೆ ವಸ್ತು ತನ್ನ ಜೊತೆ ತನ್ನ ಜಗತ್ತನ್ನೂ ತರುತ್ತದೆ. ಬ್ರಿಟನ್ನಿನ ನೌಕಾಪಡೆ 1748ರಲ್ಲಿ ತನ್ನ ಅಧಿಕಾರಿಗಳಿಗೆ ಕಡುನೀಲಿ ಸಮವಸ್ತ್ರ ಗೊತ್ತುಮಾಡಿತು. ‘ನೇವಿ ಬ್ಲೂ’ ಹುಟ್ಟಿದ್ದು ಅಲ್ಲಿಂದ. ಇವತ್ತಿಗೂ ಆ ಪದದಲ್ಲಿ ಬಟ್ಟೆ, ಶಿಸ್ತು, ಇಸ್ತ್ರಿ ಇದೆ. ಕೋಟಿಗೆ, ಶಾಲೆಯ ಯೂನಿಫಾರ್ಮಿಗೆ ಸರಿ. ಇರುಳಿನ ಆಕಾಶಕ್ಕೆ ‘ನೇವಿ-ಬ್ಲೂ ಸ್ಕೈ’ ಅಂದರೆ ಆಕಾಶಕ್ಕೆ ಕೋಟು ತೊಡಿಸಿದ ಹಾಗಾಗುತ್ತದೆ. ಅಲ್ಲಿ ‘ಮಿಡ್‌ನೈಟ್-ಬ್ಲೂ’ ಸಹಜ. ಕಾಡಿಗೆ ‘ಬಾಟಲ್-ಗ್ರೀನ್’ ಅಂದಾಗಲೂ ಅಷ್ಟೇ, ಮರಗಳ ನಡುವೆ ಗಾಜು ಕಾಣುತ್ತದೆ. ಕತೆಯ ಲೋಕದಲ್ಲಿ ಆ ವಸ್ತು ಇರುವುದು ಸಾಧ್ಯವೇ ಅಂತ ಕೇಳಿಕೊಳ್ಳಿ. ಸಾಧ್ಯವಿದ್ದರೆ ಪದ ಕೂರುತ್ತದೆ.

ಕಂಪ್ಯೂಟರಿನ ಬಣ್ಣದ ಪಟ್ಟಿ ನೋಡಿ ಪದ ಆರಿಸುವವರಿಗೆ ಒಂದು ಎಚ್ಚರಿಕೆ. ವೆಬ್ ಪುಟಗಳ ಪಟ್ಟಿಯಲ್ಲಿ ‘ಗ್ರೇ’ ಅಂದರೆ ಕೆಂಪು, ಹಸಿರು, ನೀಲಿ ಮೂರೂ 128. ‘ಡಾರ್ಕ್ ಗ್ರೇ’ ಅಂದರೆ ಮೂರೂ 169. ಅಂಕಿ ಹೆಚ್ಚಿದಷ್ಟೂ ಬೆಳಕು ಹೆಚ್ಚು. ಅಂದರೆ ಅಲ್ಲಿ ‘ಡಾರ್ಕ್ ಗ್ರೇ’ ಬರೀ ‘ಗ್ರೇ’ಗಿಂತ ತಿಳಿಯಾಗಿದೆ! ಕಂಪ್ಯೂಟರ್ ಪರದೆಗೆ ಚಿತ್ರ ಮೂಡಿಸುವ ಎಕ್ಸ್11 ಅನ್ನುವ ಹಳೆಯ ವ್ಯವಸ್ಥೆಯಲ್ಲಿ ಗ್ರೇ 190 ಇತ್ತು, ಅದಕ್ಕೆ ಹೋಲಿಸಿದರೆ 169 ಕಡುವೇ. ಆಮೇಲೆ ವೆಬ್‌ನ ಮೊದಲ ಪಟ್ಟಿಗೆ ಎಕ್ಸ್11ರ ಪಟ್ಟಿ ಸೇರಿಸುವಾಗ ‘ಗ್ರೇ’ ವೆಬ್‌ನ ಕಡೆಯಿಂದ ಬಂತು, ‘ಡಾರ್ಕ್ ಗ್ರೇ’ ಎಕ್ಸ್11ರ ಕಡೆಯಿಂದ. ಪರದೆಗೆ ಬಣ್ಣ ಕೊಡಲು ಆ ಪಟ್ಟಿ ಇರಲಿ. ಪದಗಳ ಅರ್ಥ ಕಲಿಯಲು ಅದನ್ನು ನಂಬಬೇಡಿ.

ಇನ್ನೊಂದು ಬಗೆಯ ಜೋಡಿಪದ ಇದೆ, ಕತೆ ಬರೆಯುವವರಿಗೆ ಇದೇ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು. ‘ಸ್ಮೋಕ್-ಬ್ಲ್ಯಾಕನ್ಡ್’, ‘ರೇನ್-ಡಾರ್ಕನ್ಡ್’, ‘ಸನ್-ಡಾರ್ಕನ್ಡ್’, ‘ರಸ್ಟ್-ಸ್ಟೇನ್ಡ್’. ಇವು ಬಣ್ಣ ಹೇಗಿದೆ ಅಂತ ಮಾತ್ರ ಹೇಳುವುದಿಲ್ಲ, ಹೇಗೆ ಬಂತು ಅಂತಲೂ ಹೇಳುತ್ತವೆ. ಒಂದು ಹಳೆಯ ಮರದ ಬಾಗಿಲು ಅಂತಿಟ್ಟುಕೊಳ್ಳಿ. ‘ಅ ಡಾರ್ಕ್-ಬ್ರೌನ್ ಡೋರ್’ ಅಂದರೆ ಬಣ್ಣ ಗೊತ್ತಾಯಿತು, ಅಷ್ಟೇ. ಪೇಂಟ್ ಬಳಿದದ್ದೂ ಆಗಿರಬಹುದು. ‘ಅ ಸ್ಮೋಕ್-ಬ್ಲ್ಯಾಕನ್ಡ್ ಡೋರ್’ ಅಂದರೆ ಒಳಗೆ ವರ್ಷಗಟ್ಟಲೆ ಒಲೆ ಉರಿದಿದೆ. ‘ಅ ರೇನ್-ಡಾರ್ಕನ್ಡ್ ಡೋರ್’ ಅಂದರೆ ಈಗಷ್ಟೇ ಮಳೆ ನಿಂತಿದೆ, ಬಿಸಿಲು ಬಂದರೆ ಬಾಗಿಲು ಮತ್ತೆ ತಿಳಿಯಾಗುತ್ತದೆ. ಮೂರೂ ಬಾಗಿಲು ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಥರ ಕಾಣಬಹುದು. ಕತೆ ಮಾತ್ರ ಬೇರೆ ಬೇರೆ. ಕನ್ನಡದಲ್ಲಿ ‘ಹೊಗೆಗೆ ಕಪ್ಪಿಟ್ಟ ಬಾಗಿಲು’ ಅಂತ ನೀವು ಬರೆದಿದ್ದರೆ ಅದನ್ನು ‘ಡಾರ್ಕ್’ ಮಾಡಿ ಬಡವಾಗಿಸಬೇಡಿ.

ಮನುಷ್ಯರ ಬಣ್ಣ ಹೇಳುವಾಗ ಇನ್ನಷ್ಟು ಜೋಪಾನ ಬೇಕು. ‘ಕಪ್ಪು ಕಣ್ಣು’ ಅನ್ನುವುದನ್ನು ‘ಅ ಬ್ಲ್ಯಾಕ್ ಐ’ ಮಾಡಿದರೆ ಯಾರೋ ಗುದ್ದಿ ಕಣ್ಣಿನ ಸುತ್ತ ಕಪ್ಪಾಗಿದೆ ಅಂತ ಅರ್ಥ. ‘ಡಾರ್ಕ್ ಐಸ್’ ಅಥವಾ ‘ಡಾರ್ಕ್-ಬ್ರೌನ್ ಐಸ್’ ಅನ್ನಿ. ನಮಗೆ ಕಪ್ಪು ಅಂತ ಕಾಣುವ ಕಣ್ಣಿನ ಪಾಪೆಯ ಸುತ್ತಿನ ಭಾಗ ನಿಜಕ್ಕೂ ಕಡುಕಂದೇ. ‘ಡಾರ್ಕ್-ಐಡ್’, ‘ಡಾರ್ಕ್-ಹೇರ್ಡ್’, ‘ಡಾರ್ಕ್-ಸ್ಕಿನ್ಡ್’ ಇವು ನೇರವಾದ, ಗೌರವದ ಪದಗಳು. ‘ಡಸ್ಕಿ’, ‘ಸ್ವಾರ್ದಿ’ ಅನ್ನುವವು ಹಳೆಯ ಕಾಲದವು, ಜನರ ಬಗ್ಗೆ ಹೇಳುವಾಗ ಈಗ ಹಲವರಿಗೆ ಚುಚ್ಚುತ್ತವೆ. ಮೈಬಣ್ಣವನ್ನು ಚಾಕೊಲೇಟ್, ಕಾಫಿ ಅಂತ ತಿನ್ನುವ ಕುಡಿಯುವ ವಸ್ತುವಿಗೆ ಹೋಲಿಸುವುದನ್ನೂ ಬಿಟ್ಟರೆ ಒಳ್ಳೆಯದು. ಬಳಸಿ ಬಳಸಿ ಸವೆದಿದೆ ಅನ್ನುವುದು ಒಂದು. ಮನುಷ್ಯರನ್ನು ರುಚಿ ನೋಡುವ ವಸ್ತು ಮಾಡಿದ ಹಾಗೆ ಅನ್ನಿಸುತ್ತದೆ ಅನ್ನುವುದು ಇನ್ನೊಂದು. ‘ಡೀಪ್-ಬ್ರೌನ್ ಸ್ಕಿನ್’ ಅಂದರೆ ಸಾಕು, ಚೆಂದವಾಗಿಯೂ ಇದೆ.

ಬೆಳಕನ್ನು ಮರೆಯಬೇಡಿ. ಮುಸ್ಸಂಜೆಯಲ್ಲಿ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಮತ್ತು ಹಸಿರು ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತವೆ. ಬೆಳಕು ಕಡಿಮೆಯಾದಾಗ ನಮ್ಮ ಕಣ್ಣು ಬೇರೆ ಬಗೆಯ ಜೀವಕೋಶಗಳ ಮೇಲೆ ನಿಲ್ಲುತ್ತದೆ, ಅವಕ್ಕೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಚೆಕ್ ವಿಜ್ಞಾನಿ ಪುರ್ಕಿನ್ಯೆ ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ಗಮನಿಸಿ ಬರೆದರು. ಹಗಲಿನಲ್ಲಿ ‘ಡೀಪ್-ರೆಡ್’ ಆಗಿದ್ದ ಸೀರೆ ದೀಪ ಹಚ್ಚುವ ಹೊತ್ತಿಗೆ ‘ಆಲ್ಮೋಸ್ಟ್ ಬ್ಲ್ಯಾಕ್’ ಆಗಬೇಕು, ಪಕ್ಕದ ನೀಲಿ ಸೀರೆಯ ಬಣ್ಣ ಇನ್ನೂ ಗುರುತು ಸಿಗಬೇಕು. ಇದನ್ನು ಗಮನಿಸಿ ಬರೆದರೆ ಹೊತ್ತು ಎಷ್ಟಾಯಿತು ಅಂತ ಬೇರೆ ಹೇಳಬೇಕಾಗುವುದೇ ಇಲ್ಲ.

ಉಳಿದದ್ದು ಹೈಫನ್. ಇಲ್ಲಿ ನಿಯಮ ಸಣ್ಣದು. ಜೋಡಿಪದ ನಾಮಪದದ ಮುಂದೆ ಕೂತು ಅದನ್ನು ಬಣ್ಣಿಸಿದರೆ ಹೈಫನ್ ಹಾಕಿ: ‘ಅ ಡಾರ್ಕ್-ಗ್ರೀನ್ ಕೋಟ್’. ವಾಕ್ಯದ ಕೊನೆಗೆ, ಕ್ರಿಯಾಪದದ ಆಚೆ ಹೋದರೆ ಬೇಡ: ‘ದ ಕೋಟ್ ಈಸ್ ಡಾರ್ಕ್ ಗ್ರೀನ್’. ಶಿಕಾಗೋ ಮ್ಯಾನ್ಯುಅಲ್ ಆಫ್ ಸ್ಟೈಲ್ ಅನ್ನುವ ಬರವಣಿಗೆಯ ಕೈಪಿಡಿ ಬಣ್ಣದ ಪದಗಳಿಗೆ ಹೇಳುವುದೂ ಇದನ್ನೇ. ನಾಮಪದದ ಮುಂದೆ ‘ರೆಡ್ಡಿಶ್-ಬ್ರೌನ್’ ಆದದ್ದು ಆಮೇಲೆ ‘ರೆಡ್ಡಿಶ್ ಬ್ರೌನ್’ ಆಗುತ್ತದೆ. ಗೊಂದಲ ಇಲ್ಲದ ಕಡೆ ಹೈಫನ್ ಬಿಡುವ ಪತ್ರಿಕೆಗಳೂ ಇವೆ. ಯಾವುದಾದರೂ ಸರಿ, ಒಂದು ಕತೆಯಲ್ಲಿ ಒಂದೇ ಪದ್ಧತಿ ಇರಲಿ.

ಹೈಫನ್ ಯಾಕೆ ಬೇಕು ಅಂದರೆ, ‘ಡಾರ್ಕ್’ಗೆ ಕಡುಬಣ್ಣ ಅನ್ನುವ ಅರ್ಥವೂ ಇದೆ, ಬೆಳಕಿಲ್ಲದ್ದು ಅನ್ನುವ ಅರ್ಥವೂ ಇದೆ. ‘ಅ ಡಾರ್ಕ್-ಬ್ಲೂ ರೂಮ್’ ಅಂದರೆ ಗೋಡೆಗೆ ಕಡುನೀಲಿ ಬಳಿದ ಕೋಣೆ, ದೀಪ ಉರಿಯುತ್ತಿರಬಹುದು. ‘ಅ ಡಾರ್ಕ್, ಬ್ಲೂ ರೂಮ್’ ಅಂದರೆ ಕತ್ತಲಾದ ಕೋಣೆ, ಗೋಡೆ ತಿಳಿನೀಲಿಯೂ ಇರಬಹುದು. ಎರಡೂ ಚಿಹ್ನೆ ಇಲ್ಲದೆ ಬಿಟ್ಟರೆ ಓದುಗರು ಊಹಿಸಬೇಕು. ಮೂರು ಪದ ಸೇರಿದಾಗ ಇದು ಇನ್ನೂ ಮುಖ್ಯ. ‘ಡಾರ್ಕ್ ಬ್ಲೂ-ಗ್ರೀನ್’ ಅಂದರೆ ನೀಲಿ-ಹಸಿರು ಬಣ್ಣವೊಂದು ಕಡುವಾದದ್ದು. ಹೈಫನ್ ಜಾಗ ತಪ್ಪಿ ‘ಡಾರ್ಕ್-ಬ್ಲೂ ಗ್ರೀನ್’ ಆದರೆ ಅದಕ್ಕೆ ಅರ್ಥವೇ ಇಲ್ಲ.

ಬೆರೆತ ಬಣ್ಣ ಬೇರೆ, ಜೊತೆಗಿರುವ ಬಣ್ಣ ಬೇರೆ. ‘ಅ ಬ್ಲೂ-ಗ್ರೀನ್ ಸ್ಕಾರ್ಫ್’ ಅಂದರೆ ಎರಡೂ ಬೆರೆತ ಒಂದೇ ಬಣ್ಣದ ಬಟ್ಟೆ. ‘ಅ ಬ್ಲೂ-ಆ್ಯಂಡ್-ಗ್ರೀನ್ ಸ್ಕಾರ್ಫ್’ ಅಂದರೆ ನೀಲಿ ಒಂದು ಕಡೆ, ಹಸಿರು ಒಂದು ಕಡೆ. ನಡುವಿನ ‘ಆ್ಯಂಡ್’ ಬಣ್ಣಗಳನ್ನು ಬಿಡಿಸಿ ಇಡುತ್ತದೆ. ‘ಬ್ಲ್ಯಾಕ್ ಆ್ಯಂಡ್ ವೈಟ್ ಕೌಸ್’ ಅಂತ ಹೈಫನ್ ಇಲ್ಲದೆ ಬರೆದರೆ ಕೆಲವು ಕಪ್ಪು ಹಸು, ಕೆಲವು ಬಿಳಿ ಹಸು ಅಂತಲೂ ಓದಬಹುದು. ಹೈಫನ್ ಹಾಕಿದರೆ ಪ್ರತಿ ಹಸುವಿನ ಮೈಮೇಲೂ ಎರಡೂ ಬಣ್ಣ.

‘-ಲಿ’ಯಿಂದ ಮುಗಿಯುವ ಕ್ರಿಯಾವಿಶೇಷಣ ಮುಂದಿದ್ದರೆ ಹೈಫನ್ ಬೇಡ: ‘ಅ ಡೀಪ್ಲಿ ಟ್ಯಾನ್ಡ್ ಫೇಸ್’. ಬೇರೆ ವಿಶೇಷಣಗಳ ನಡುವೆ ಬಣ್ಣ ಬಂದರೆ, ಅಳತೆ ಮತ್ತು ವಯಸ್ಸಿನ ಆಮೇಲೆ, ಯಾವುದರಿಂದ ಮಾಡಿದ್ದು ಅನ್ನುವುದಕ್ಕೆ ಮುಂಚೆ ಇಡಿ: ‘ಅ ಲಾಂಗ್ ಓಲ್ಡ್ ಡಾರ್ಕ್-ಗ್ರೀನ್ ವುಲನ್ ಕೋಟ್’. ಜೋಡಿಪದ ಬಣ್ಣದ ಜಾಗದಲ್ಲಿ ಒಡೆಯದೆ ಒಟ್ಟಿಗೇ ಕೂರುತ್ತದೆ.

ಮೂರಕ್ಕಿಂತ ಹೆಚ್ಚು ಬಣ್ಣಪದ ಸಾಲುಗಟ್ಟಿದರೆ ಜೋಡಿಪದದ ಹಟ ಬಿಟ್ಟುಬಿಡಿ. ‘ಅ ವೆರಿ ಡಾರ್ಕ್ ಗ್ರೀನಿಶ್-ಬ್ಲೂ-ಬ್ಲ್ಯಾಕ್ ಲೇಕ್’ ಅಂತ ಬರೆದರೆ ಕೆರೆ ಕಾಣುವ ಮೊದಲೇ ಓದುಗರು ಸುಸ್ತಾಗುತ್ತಾರೆ. ಬಣ್ಣವನ್ನು ನಾಮಪದದ ಆಚೆ ಕಳಿಸಿ, ಉಸಿರಾಡಲು ಬಿಡಿ. ‘ದ ಲೇಕ್ ವಾಸ್ ಅ ಗ್ರೀನ್ ಸೋ ಡಾರ್ಕ್ ಇಟ್ ವಾಸ್ ಆಲ್ಮೋಸ್ಟ್ ಬ್ಲ್ಯಾಕ್’ ಅನ್ನಿ. ಇಲ್ಲಿ ಹೈಫನ್ ಒಂದೂ ಇಲ್ಲ, ಬಣ್ಣ ಮಾತ್ರ ನಿಖರ.

ಕೊನೆಗೆ ಹೈಫನ್‌ನ ಒಂದು ಚಿಕ್ಕ ಬಳಕೆ ಉಳಿದಿದೆ. ಕಡುನೀಲಿ ಮತ್ತು ತಿಳಿನೀಲಿ ಪಟ್ಟೆ ಇರುವ ಬಟ್ಟೆಯನ್ನು ಹೇಳುವಾಗ ‘ಬ್ಲೂ’ ಎರಡು ಸಲ ಬರೆಯಬೇಕಿಲ್ಲ. ‘ಡಾರ್ಕ್- ಆ್ಯಂಡ್ ಲೈಟ್-ಬ್ಲೂ ಸ್ಟ್ರೈಪ್ಸ್’ ಅಂತ ಬರೆಯಬಹುದು. ಮೊದಲ ಹೈಫನ್ ‘ಡಾರ್ಕ್’ಗೆ ಅಂಟಿರುತ್ತದೆ, ಅದರ ಆಚೆ ಜಾಗ ಬಿಟ್ಟಿರುತ್ತದೆ. ಇದರ ಜೋಡಿ ಮುಂದೆ ಬರಲಿದೆ ಅಂತ ಹೇಳುವುದು ಅದರ ಕೆಲಸ. ಟೈಪ್ ಮಾಡುವಾಗ ಆ ಜಾಗವನ್ನು ತಪ್ಪೆಂದು ತಿಳಿದು ಅಳಿಸಬೇಡಿ.